ತಂಗಿಯ ಕಾಡುಗೋಧಿಯನ್ನು ಕೇರಿದ ದಿನ

ಒಂದು ಫೋನ್ ಮಾಡಿ ಕೇಳಬೇಕಿತ್ತು. ನಾನು ಕೇಳಲಿಲ್ಲ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಡೆದ ಮಾತಿದು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕೋರ ಎಂಬ ಹಳ್ಳಿಯಲ್ಲಿ ರಾಗಿ ಬೆಳೆಯುವ ಮನೆ ನಮ್ಮದು. ತಂಗಿ ಶೋಭಾ ಕೃಷಿ ಕಾಲೇಜಿನಲ್ಲಿ ಗೋಧಿಯ ಕಾಡುಜಾತಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಲ್ಲಿ ಜಾಗ ಸಾಲದೆ ಕುಂಡಗಳನ್ನು ನಮ್ಮ ತಾರಸಿಯಲ್ಲಿಟ್ಟಿದ್ದಳು. ಆ ಗೋಧಿ ಮಾಗಿದ ಕೂಡಲೇ ತೆನೆ ಮುರಿದು ತಾನೇ ಉದುರುತ್ತದಂತೆ. ಅದಕ್ಕೇ ಪ್ರತಿ ತೆನೆಗೂ ಕಾಗದದ ಕವರ್ ಕಟ್ಟಿ, ಗಿಡದ ನಂಬರ್ ಬರೆದಿದ್ದಳು.

"ಇದೇನೇ, ಹುಲ್ಲಿಗೆಲ್ಲಾ ಕುಲಾವಿ ಹಾಕಿದೀಯಾ?" ಎಂದು ರೇಗಿಸಿದೆ.

"ನಗು ನಗು! ಒಂದೊಂದು ಗಿಡದ ಕಾಳಲ್ಲೂ ಪ್ರೋಟೀನ್ ಬೇರೆ ಬೇರೆ ಇರುತ್ತೆ ಕಣಕ್ಕ. ಜಾಸ್ತಿ ಇರೋದು ಯಾವ್ದು ಅಂತ ಹುಡುಕ್ಬೇಕು. ನಾನು ಬರೋವರ್ಗೂ ಮುಟ್ಬೇಡ," ಎಂದು ಹೇಳಿ ಕಾಲೇಜಿಗೆ ಹೋದಳು.

ಆ ವಾರವೇ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಮಳೆಗೆ ಸಿಕ್ಕೀತೆಂದು ತೆನೆಗಳನ್ನೆಲ್ಲ ಕೊಯ್ದು ಒಳಗೆ ತಂದೆ. ಅಷ್ಟಕ್ಕೇ ಸುಮ್ಮನಿರಲಿಲ್ಲ. ಅವಳ ಕೆಲಸ ಹಗುರವಾಗಲಿ ಎಂದು ಕವರ್ ಬಿಚ್ಚಿ, ಎಲ್ಲವನ್ನೂ ಒಟ್ಟಿಗೆ ಒರಳಲ್ಲಿ ಮೆಲ್ಲಗೆ ಕುಟ್ಟಿ ಮೊರದಲ್ಲಿ ಕೇರಿದೆ. ಬಿತ್ತನೆ ರಾಗಿಗೆ ಮಾಡುವ ಹಾಗೆ ದಪ್ಪ ಕಾಳನ್ನು ಡಬ್ಬಿಗೆ ತುಂಬಿ, ಸಣಕಲನ್ನು ಕೋಳಿಗಳಿಗೆ ಎರಚಿದೆ. ಅವಳು ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

ಸಂಜೆ ಅವಳೇ ಫೋನ್ ಮಾಡಿದಳು. "ಅಕ್ಕ, ಕವರ್‌ಗಳು ಹುಷಾರು. ಅದರಲ್ಲೂ ಸಣ್ಣ ಕಾಳಿನ ಗಿಡಗಳು. ಅಂಥದ್ರಲ್ಲೇ ಎಷ್ಟೋ ಸಲ ಪ್ರೋಟೀನ್ ಜಾಸ್ತಿ ಸಿಗೋದು."

"ಗಾಳಿಗೆ ಎಲ್ಲಾ ಹಾರೋಯ್ತು ಕಣೇ," ಎಂದುಬಿಟ್ಟೆ. ಡಬ್ಬಿಯನ್ನೂ ಖಾಲಿ ಕವರ್‌ಗಳನ್ನೂ ಅಟ್ಟದ ಮೇಲೆ ಬಚ್ಚಿಟ್ಟೆ.

ಮಾರನೇ ದಿನ ಶೋಭಾ ಓಡಿ ಬಂದಳು. ತಾರಸಿಯ ಮೇಲೆ ಮಂಡಿಯೂರಿ ಬಿರುಕುಗಳಲ್ಲೆಲ್ಲ ಕಾಳು ಹುಡುಕಿದಳು. ನಾನು ಅಳುವುದನ್ನು ನೋಡಿ, "ನಿಂದೇನಿದೆ ಬಿಡಕ್ಕ, ನಾನೇ ಗಟ್ಟಿಯಾಗಿ ಕಟ್ಬೇಕಿತ್ತು," ಎಂದು ನನಗೇ ಸಮಾಧಾನ ಹೇಳಿದಳು. ಕಾಲೇಜಿನಲ್ಲೂ ತನ್ನದೇ ತಪ್ಪೆಂದು ಒಪ್ಪಿಕೊಂಡು ಬೈಸಿಕೊಂಡಳು. ಮತ್ತೆ ಬಿತ್ತಲು ಮುಂದಿನ ಚಳಿಗಾಲದವರೆಗೆ ಕಾಯಬೇಕಾಯಿತು.

ಈ ವರ್ಷ ತೆನೆ ಬಂದಾಗ ಅವಳು ಒಂದೊಂದು ಕವರಿಗೂ ಎರಡೆರಡು ದಾರ ಸುತ್ತುತ್ತಿದ್ದಳು. ಇಲ್ಲದ ಗಾಳಿಗೆ ಹೆದರಿ ಹಾಗೆ ಕಟ್ಟುತ್ತಿದ್ದುದನ್ನು ನನ್ನಿಂದ ನೋಡಲಾಗಲಿಲ್ಲ. ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದೆ.

"ಗಾಳಿ ಅಲ್ಲ ಕಣೇ, ನಾನು. ಎಲ್ಲಾ ಬೆರೆಸಿ ಕೇರಿ ಕೋಳಿಗೆ ಹಾಕ್ದೋಳು ನಾನೇ. ನೀನು ಬೈಸ್ಕೊಂಡಾಗ್ಲೂ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಶೋಭಾ, ನನ್ನ ಕ್ಷಮಿಸು."