ಅಂಬಾಜಿದುರ್ಗದ ಏರಿನಲ್ಲಿ ಕೂತಿದ್ದು

ಗಂಡನ ಮನೆ ಬಿಟ್ಟು ಚಿಂತಾಮಣಿಗೆ, ಅಕ್ಕನ ಮನೆಗೆ ಬಂದ ಮೇಲೆ ನನ್ನದು ಅಂತ ಉಳಿದಿದ್ದು ಓಟ ಒಂದೇ. ಪೂರ್ತಿ ಮ್ಯಾರಥಾನ್ ಓಡುತ್ತೇನೆಂದು ಹೆಸರು ಕೊಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅಂಬಾಜಿದುರ್ಗ ಬೆಟ್ಟದ ಕಡೆ ಹೊರಟುಬಿಡುತ್ತಿದ್ದೆ. ನಾಯಿಗಳ ಕಾಟವೆಂದು ಅಕ್ಕ ಸ್ಕೂಟಿಯಲ್ಲಿ ನನ್ನ ಹಿಂದೆಯೇ ಬರುತ್ತಿದ್ದಳು.

ಮೊದಮೊದಲು ಸುಸ್ತು ಹಿತವಾಗಿಯೇ ಇತ್ತು. ಮುದ್ದೆ ಉಂಡು ಮಲಗಿದರೆ ಎಚ್ಚರವೇ ಇರುತ್ತಿರಲಿಲ್ಲ. ಆಮೇಲೆ ಅದರ ರೀತಿಯೇ ಬದಲಾಯಿತು. ಮೈಯೆಲ್ಲ ನೋವು, ಆದರೂ ನಿದ್ದೆ ಹತ್ತದು. ಮಲಗಿದಲ್ಲೇ ಎದೆ ಹೊಡೆದುಕೊಳ್ಳುತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಎತ್ತಿದ ಕೈ ಭಾರವಾಗಿ ಬೋರ್ಡಿಗೆ ಒರಗಿ ನಿಲ್ಲುತ್ತಿದ್ದೆ. ಕುಕ್ಕರ್ ಇಳಿಸಲೂ ಅಕ್ಕನನ್ನು ಕರೆಯಬೇಕಾಯಿತು. ಇದೆಲ್ಲ ಸೋಮಾರಿತನ ಅಂದುಕೊಂಡು ಬಿಡುವಿನ ದಿನವನ್ನೂ ಬಿಡದೆ ಓಡಿದೆ. ಓಡಿದಷ್ಟೂ ನಿಧಾನವಾದೆ.

ಒಂದು ಬೆಳಗ್ಗೆ ಏರಿನಲ್ಲಿ ಕಾಲು ನಿಂತುಬಿಟ್ಟವು. ಉಳುಕಿಲ್ಲ, ಗಾಯವಿಲ್ಲ, ನಡೆ ಅಂದರೆ ನಡೆಯಲಿಲ್ಲ, ಅಷ್ಟೆ. ರಸ್ತೆ ಬದಿಯ ಮಣ್ಣಿನಲ್ಲಿ ಕುಸಿದು ಕೂತೆ. ಅಕ್ಕ ಗಾಡಿ ನಿಲ್ಲಿಸಿ ಬಂದಳು.

"ಸಾಕು ಕಣೇ. ಮನೆಗೆ ಹೋಗಣ."

"ಇದನ್ನೂ ಬಿಟ್ರೆ ನನ್ ಹತ್ರ ಏನಿರುತ್ತೆ, ನೀನೇ ಹೇಳು."

ಅವಳು ಪಕ್ಕದಲ್ಲಿ ಕೂತು ನನ್ನ ಶೂ ಬಿಚ್ಚತೊಡಗಿದಳು. ಬೇಡವೆನ್ನುವ ತ್ರಾಣ ನನಗಿರಲಿಲ್ಲ. ಬಸ್ಸೊಂದು ದಾಟಿ ಹೋಯಿತು. ಕಿಟಕಿಯಲ್ಲಿದ್ದವರು ಬಗ್ಗಿ ನೋಡಿದರು. ಅವರೆದುರಿಗೇ ಬಿಕ್ಕಿ ಬಿಕ್ಕಿ ಅತ್ತೆ.

ಅದೇ ವಾರ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನೋಡಿದರು. "ಸುಧಾರಿಸ್ಕೊಳ್ಳೋಕೆ ಮೈಗೆ ನೀವು ಟೈಮೇ ಕೊಟ್ಟಿಲ್ಲಮ್ಮ. ಓಟ ಪೂರ್ತಿ ನಿಲ್ಲಿಸಿ."

"ಎಷ್ಟು ದಿನ ಸಾರ್?"

"ಈಗ್ಲೇ ಹೇಳಕ್ಕಾಗಲ್ಲ."

ಆ ಉತ್ತರವೇ ನನ್ನನ್ನು ಮುರಿದುಹಾಕಿತು. ಅಕ್ಕ ಹರಕೆ ಹೊತ್ತು ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋದಳು. ಅಲ್ಲಿಯವರು ನನ್ನ ತಲೆಯ ಮೇಲೆ ನವಿಲುಗರಿ ಆಡಿಸಿದರು. ಇಂಥದ್ದನ್ನೆಲ್ಲ ನಂಬದ ನಾನು ಅವತ್ತು ತಲೆಬಾಗಿ ನಿಂತೆ.

"ಏನು ಕೇಳ್ಕೊಂಡೆ?" ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು.

"ನಿದ್ದೆ," ಅಂದೆ.

ಮ್ಯಾರಥಾನಿನ ದಿನ ಗೋಡೆ ಕಡೆ ತಿರುಗಿ ಮಲಗಿದ್ದೆ. ಅಕ್ಕ ಊಟಕ್ಕೆ ಎಬ್ಬಿಸಲಿಲ್ಲ. ತಟ್ಟೆ ಮುಚ್ಚಿಟ್ಟು, ಅವಳೂ ಉಣ್ಣದೆ ಹೊಸಿಲ ಮೇಲೆ ಕೂತಿದ್ದಳು.

ನಿದ್ದೆ ತಿಂಗಳುಗಟ್ಟಲೆ ತಡವಾಗಿ, ಸ್ವಲ್ಪ ಸ್ವಲ್ಪವಾಗಿ ಮರಳಿತು. ಓಟ ಮರಳಲಿಲ್ಲ. ಈಗ ಸಂಜೆ ಇಬ್ಬರೂ ಹಿಪ್ಪುನೇರಳೆ ತೋಟಗಳ ಪಕ್ಕದ ದಾರಿಯಲ್ಲಿ ನಡೆಯುತ್ತೇವೆ. ನನಗೆ ಏದುಸಿರು ಬಂದಾಗಲೆಲ್ಲ ಅಕ್ಕನ ಚಪ್ಪಲಿಯೊಳಗೆ ಕಲ್ಲು ಸೇರಿಕೊಳ್ಳುತ್ತದೆ. ಅವಳು ನಿಂತು, ಚಪ್ಪಲಿ ಕಳಚಿ, ನಿಧಾನವಾಗಿ ಕೊಡವುತ್ತಾಳೆ. ಕಲ್ಲು ಬಿದ್ದಿದ್ದನ್ನು ನಾನಂತೂ ಒಮ್ಮೆಯೂ ನೋಡಿಲ್ಲ.