ಕರೆಂಟ್ ಹೋಗಿರಲಿಲ್ಲ

ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅತ್ತೆಯನ್ನು ಅಜ್ಜಂಪುರದ ನಮ್ಮ ಮನೆಗೇ ಕರೆತಂದೆವು. ಅಪ್ಪನ ಅಕ್ಕ; ನನ್ನನ್ನು ಎತ್ತಿ ಆಡಿಸಿದವರು. ಹಿತ್ತಲಿಗೆ ಹೋಗಬೇಕೆಂದರೆ ಅಮ್ಮನೋ ನಾನೋ ತೋಳು ಕೊಡಬೇಕು. ಕರೆಯೋಣವೆಂದರೆ ಅವರ ದನಿ ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಗಂಟೆ ಇಡುತ್ತೇನೆಂದೆ.

"ಬೀದಿಗೆಲ್ಲ ಕೇಳೋ ಹಂಗೆ ಬಾರಿಸ್ಕೊಂಡು ಹಿತ್ತಲಿಗೆ ಹೋಗ್ಲಾ? ಬ್ಯಾಡ ಕಣೋ," ಎಂದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಡೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಕೆಲಸ ಅಷ್ಟಿಷ್ಟು, ಜಂಬ ಬೆಟ್ಟದಷ್ಟು. ಮೂರು ಟ್ರಾನ್ಸಿಸ್ಟರ್ ಹಾಕಿ ಒಂದು ಸ್ವಿಚ್ ಮಾಡಿದೆ. ಸುಮ್ಮನಿದ್ದರೆ ಅಡುಗೆಮನೆಯ ಪುಟ್ಟ ಬಲ್ಬು ಉರಿಯುತ್ತಲೇ ಇರುತ್ತದೆ. ಅತ್ತೆ ತಮ್ಮ ಹಾಸಿಗೆಯವರೆಗೆ ಎಳೆದ ಎರಡು ಉದ್ದನೆಯ ತಂತಿಯ ತುದಿಗಳನ್ನು ಒಟ್ಟಿಗೆ ಮುಟ್ಟಿದರೆ ಸಾಕು, ಮೊದಲೆರಡು ಟ್ರಾನ್ಸಿಸ್ಟರ್‌ಗಳು ಎಚ್ಚೆತ್ತು ಮೂರನೆಯದಕ್ಕೆ ಸೇರಬೇಕಾದ ಕರೆಂಟನ್ನು ತಾವೇ ಎಳೆದುಕೊಳ್ಳುತ್ತವೆ, ಬಲ್ಬು ಆರುತ್ತದೆ; ಆರಿದರೆ ಅತ್ತೆ ಕರೆಯುತ್ತಿದ್ದಾರೆ ಎಂದರ್ಥ. ಒತ್ತುವ ಶಕ್ತಿಯೂ ಬೇಡ. ಮುಟ್ಟಿದರೆ ಉರಿಯುವ ಹಾಗೆ ಮಾಡುವುದು ಇನ್ನೂ ಸುಲಭವಿತ್ತು. ಆದರೆ ಬಲ್ಬು ಉರಿಯುತ್ತಿದ್ದರೆ ಅತ್ತೆ ಆರಾಮಾಗಿದ್ದಾರೆ ಎಂದು ಅರ್ಥವಾಗಲಿ ಎಂಬುದು ನನ್ನ ಅತಿಬುದ್ಧಿ. ಸೆಲ್ಲು ಬೇಗ ಮುಗಿಯುತ್ತದೆಂದು ಎಲಿಮಿನೇಟರ್ ಇಟ್ಟು ಮನೆಯ ಕರೆಂಟನ್ನೇ ಕೊಟ್ಟೆ.

ಅಮ್ಮನಿಗೆ ಮೊದಲ ದಿನವೇ ಸರಿ ಬರಲಿಲ್ಲ. "ಕಾಯಿಲೆಯೋರಿರೋ ಮನೇಲಿ ದೀಪ ಆರೋ ಹಂಗೆ ಮಾಡ್ತಾರೇನೋ? ಹತ್ತೋ ಹಂಗೆ ಮಾಡೋ," ಎಂದಳು.

"ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನಿರಮ್ಮ," ಎಂದೆ. ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೂರು ವಾರ ಚೆನ್ನಾಗಿಯೇ ನಡೆಯಿತು. ತರೀಕೆರೆಯಿಂದ ನೋಡಲು ಬಂದ ನೆಂಟರಿಗೆಲ್ಲ ಅತ್ತೆ ತಂತಿ ತೋರಿಸಿ, "ನಮ್ ಹುಡ್ಗ ಮಾಡಿದ್ದು," ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದೆ. ಬಲ್ಬು ಆರಿತು. ನಮ್ಮೂರಿನಲ್ಲಿ ಆಗ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತಿತ್ತು, ಹೋದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಹಗಲು ಹೊತ್ತು ಬೇರೆ ದೀಪವೂ ಹಾಕಿರಲಿಲ್ಲ. "ಕರೆಂಟ್ ಹೋಯ್ತು," ಎಂದವನು ನಾನೇ. ಅಮ್ಮ "ಹಾಳಾದ್ದು" ಎಂದು ಇನ್ನೊಂದು ಸೌಟು ಸಾರು ಬಡಿಸಿದಳು. ನಿಧಾನವಾಗಿ ಉಂಡೆ, ಮಜ್ಜಿಗೆ ಕುಡಿದೆ. ಕೈ ತೊಳೆಯುವಾಗ ನಡುಮನೆಯಿಂದ ಧೊಪ್ಪೆಂದು ಸದ್ದಾಯಿತು.

ಅತ್ತೆ ಬಾಗಿಲ ಹತ್ತಿರ ಬಿದ್ದಿದ್ದರು. ಸೀರೆ ಒದ್ದೆಯಾಗಿತ್ತು. ಕಾದು ಕಾದು ತಾವೇ ಎದ್ದು ಗೋಡೆಗೆ ಒರಗಿಕೊಂಡು ಹೊರಟಿದ್ದರು. ಹಿಂದೆಯೇ ಓಡಿಬಂದ ಅಮ್ಮ ನೀರು ತರಲು ಮತ್ತೆ ಒಳಗೆ ಹೋದಳು. ನಾನು ಅತ್ತೆಯ ಎಡಗೈ ಹಿಡಿದೆ. ಹಾಸಿಗೆಯಿಂದ ಎಳೆದುಕೊಂಡು ಬಂದ ಎರಡೂ ತಂತಿಗಳು ಮುಷ್ಟಿಯೊಳಗೇ ಇದ್ದವು. ಆಗ ಕೇಳಿಸಿತು ನನಗೆ, ಎದುರಿನ ಹಿಟ್ಟಿನ ಮಿಲ್ಲು ಓಡುತ್ತಿರುವ ಸದ್ದು. ಅದು ಕರೆಂಟಿನ ಮಿಲ್ಲು. ಉಣ್ಣುವಾಗಲೂ ಓಡುತ್ತಲೇ ಇತ್ತು.

ಒಂದೊಂದೇ ಬೆರಳು ಬಿಡಿಸಿ ತಂತಿ ತೆಗೆದೆ.

"ಕರೆಂಟ್ ಬಂತು ನೋಡೋ," ಎಂದಳು ಅಮ್ಮ ಅಡುಗೆಮನೆಯಿಂದ.

ಅತ್ತೆ ನನ್ನ ಮುಖವನ್ನೇ ನೋಡಿದರು. ಅಮ್ಮ ನೀರು ತಂದು ಪಕ್ಕದಲ್ಲಿ ಕೂತ ಮೇಲೆ ಹೇಳಿದರು: "ತಂತಿ ಮುಟ್ಟೋದು ಮರ್ತೇಬಿಟ್ಟೆ ಕಣೇ. ನಂದೇ ತಪ್ಪು."

"ಏನತ್ತಿಗೆ ನೀವು, ಅವ್ನು ಅಷ್ಟು ಕಷ್ಟಪಟ್ಟು ಮಾಡವ್ನೆ," ಎಂದಳು ಅಮ್ಮ.

ತಂತಿ ನನ್ನ ಕೈಯಲ್ಲಿತ್ತು. ಅತ್ತೆಯ ತೊಡೆಯ ಮೂಳೆ ಮುರಿದಿತ್ತು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲೇ ಇಲ್ಲ, ಮುಂದಿನ ವರ್ಷ ತೀರಿಕೊಂಡರು. ಅವರ ಮಾತು ಬಂದಾಗಲೆಲ್ಲ ಅಮ್ಮ, "ಪಾಪ, ಕೊನೆಗಾಲಕ್ಕೆ ಮರೆವು ಜಾಸ್ತಿಯಾಗಿತ್ತು," ಎನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.