ಶುಕ್ರವಾರದೊಳಗೆ ಬೆಲ್ಟು ಬೇಕು

ಮೊದಲ ದಿನ ನನಗೆ ತೊಡಿಸಿದ ಸುರಕ್ಷತಾ ಬೆಲ್ಟಿನೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಎದುರಿಗೆ ಮೂರಂತಸ್ತಿನ ಮನೆ, ಮಳೆಗೆ ನೆನೆದ ಹೆಂಚಿನ ಇಳಿಜಾರು. ಹತ್ತು ಎಂದು ಮೇಸ್ತ್ರಿ ಉವೆ ಕೈ ತೋರಿಸಿದ. ಪಾವಗಡದ ರಾಯಚರ್ಲುವಿನಲ್ಲಿ ನಮ್ಮ ಹೊಲ ಸೋಲಾರ್ ಪಾರ್ಕಿಗೆ ಹೋದ ಮೇಲೆ ನಾನು ಅಲ್ಲೇ ವೈರಿಂಗ್ ಕಲಿತವಳು. ಅಲ್ಲಿ ಪ್ಯಾನೆಲ್ಲು ಎದೆಯೆತ್ತರಕ್ಕಿರುತ್ತಿತ್ತು. ಬಿದ್ದರೆ ಬಟ್ಟೆಗೆ ಮಣ್ಣು ಮೆತ್ತುತ್ತಿತ್ತು, ಅಷ್ಟೆ. ಆ ಕೆಲಸದ ಮೇಲೇ ಬಂದಿದ್ದ ಜರ್ಮನಿಯಲ್ಲಿ ಸೂರ್ಯನನ್ನು ಹಿಡಿಯಲು ಮನೆಗಳ ಮಾಡು ಹತ್ತಬೇಕಿತ್ತು.

ಹತ್ತಲಿಲ್ಲ. ಚಿಕ್ಕ ಬೆಲ್ಟು ಸಿಗಬಹುದೇ ಎಂದು ಕೇಳಿದೆ. ನಮ್ಮೂರಿನ ಮರ್ಯಾದೆಯಲ್ಲಿ, ಮುಂದೆ ಒಂದು 'ಫಿಲೈಶ್ಟ್' ಸೇರಿಸಿ. ಜರ್ಮನ್ನಿನಲ್ಲಿ ಬಹುಶಃ ಎಂದರ್ಥ. ಉವೆ 'ಇನ್ ತ್ಸ್ವೈ ವೊಖೆನ್' ಎಂದ. ಎರಡು ವಾರದೊಳಗೆ ಎಂದುಕೊಂಡು ದಿನವೂ ಸಾಮಾನು ತರುವ ಗಾಡಿಯೊಳಗೆ ಇಣುಕಿದೆ. ಅದರರ್ಥ ಎರಡು ವಾರ ಕಳೆದ ಮೇಲೆ ಎಂದು ಆಮೇಲೆ ತಿಳಿಯಿತು. ಎರಡು ವಾರ ಕಳೆಯಿತು, ಬೆಲ್ಟು ಬರಲಿಲ್ಲ. ಇನ್ನೊಮ್ಮೆ ಅದೇ ಫಿಲೈಶ್ಟ್ ಹಚ್ಚಿ ಕೇಳಿದೆ. ನಾನು ಕೆಳಗೆ ಪ್ಯಾನೆಲ್ ಹೊರುತ್ತಲೇ ಇದ್ದೆ. ನನಗೆ ಎತ್ತರವೆಂದರೆ ಭಯ ಎಂದು ಜೊತೆಯವರು ಮಾತಾಡಿಕೊಳ್ಳುತ್ತಿದ್ದರು. ಆರು ತಿಂಗಳು ಪರೀಕ್ಷಾ ಅವಧಿ. ಕೆಲಸ ಹೋದರೆ ವೀಸಾವೂ ಹೋಗುವ ಭಯ.

ನಾನಿದ್ದ ಮನೆಯೊಡತಿ ಹೆಲ್ಗಾ ನಿವೃತ್ತ ಟಪಾಲು ಗುಮಾಸ್ತೆ. ನಾನು ರಾಗಿಮುದ್ದೆ ತೊಳಸುವಾಗ ಬಾಗಿಲಲ್ಲಿ ನಿಂತು ನೋಡುವುದು ಅವಳ ಅಭ್ಯಾಸ. ಒಂದು ಸಂಜೆ ನನ್ನ ಗೋಳು ಕೇಳಿ, ಬೆಲ್ಟು ಇದ್ದರೆ ಚೆನ್ನ ಎಂದು ಕೇಳಿದೆಯೋ, ಬೇಕೇಬೇಕು ಎಂದೆಯೋ ಎಂದು ವಿಚಾರಿಸಿದಳು. ಎರಡಕ್ಕೂ ಬೇರೆ ಮಾತಂತೆ. ಬೇಕೇಬೇಕಾದರೆ 'ಇಶ್ ಬ್ರೌಖೆ' ಅನ್ನಬೇಕು, ಜೊತೆಗೆ ದಿನ ಹೇಳಬೇಕು: 'ಬಿಸ್ ಫ್ರೈಟಾಗ್', ಶುಕ್ರವಾರದೊಳಗೆ. ಕನ್ನಡದಲ್ಲಿ ಬೇಕೆನ್ನುವುದು 'ನನಗೆ' ಆಗುವಂಥದ್ದು, ಜ್ವರ ಬಂದ ಹಾಗೆ. ಇಲ್ಲಿ 'ಇಶ್', ಅಂದರೆ 'ನಾನು' ಎಂದು ಮುಂದೆ ಹೋಗಿ ನಿಲ್ಲಬೇಕು. ಆ ರಾತ್ರಿ ಊಟ ಮುಗಿಯುವವರೆಗೂ ಅವಳ ಮುಂದೆ ಅದನ್ನೇ ಉರುಹೊಡೆದೆ.

ಸೋಮವಾರ ಉವೆ, ಸಡಿಲ ಬೆಲ್ಟಿಗೆ ಟೇಪು ಸುತ್ತಿ ಹತ್ತು ಎಂದ. ಎಲ್ಲರೂ ನೋಡುತ್ತಿದ್ದರು. ಬೆಲ್ಟು ಬಿಚ್ಚಿ ಅವನ ಕಾಲ ಬಳಿ ಇಟ್ಟೆ.

"ನನಗೆ ಚಿಕ್ಕ ಬೆಲ್ಟು ಬೇಕು. ಶುಕ್ರವಾರದೊಳಗೆ. ಅಲ್ಲಿವರೆಗೆ ಹತ್ತುವುದಿಲ್ಲ" ಎಂದೆ, ಅವನ ಭಾಷೆಯಲ್ಲಿ.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದ. ನಾನು ಬಹುಶಃ ಎಂದದ್ದಕ್ಕೆ ಅವಸರವಿಲ್ಲವೆಂದುಕೊಂಡನಂತೆ.

ನನಗೆ ಉರಿದುಹೋಯಿತು. "ಎರಡು ಸಲ ಹೇಳಿದ್ದೇನೆ. ಬೆಲ್ಟು ಜಾರುವುದನ್ನು ನೋಡಲು ವ್ಯಾಕರಣ ಬೇಕಾ?"

ಅವನ ಕಿವಿ ಕೆಂಪಾಯಿತು. ಅಲ್ಲೇ ನಿಂತು ಫೋನ್ ಮಾಡಿದ. ಗುರುವಾರ ಬೆಲ್ಟು ಬಂತು. ಶುಕ್ರವಾರ ಮಾಡು ಹತ್ತಿ ಸಾಲಿನ ಕೊನೆಯ ಪ್ಯಾನೆಲ್ಲನ್ನು ನಾನೇ ಬಿಗಿದೆ.

ಅಮ್ಮ ಪಾರ್ಕಿನಲ್ಲಿ ಪ್ಯಾನೆಲ್‌ಗಳ ಕೆಳಗಿನ ಕಳೆ ಕೀಳುವ ಕೆಲಸದವಳು. ಫೋನಿನಲ್ಲಿ ಕೇಳಿ ಗಾಬರಿಯಾದಳು. "ಮೇಸ್ತ್ರಿಗೇ ಅಂಗಂದ್ಬುಟ್ಟೇನೇ? ಕೆಲ್ಸ ಕಿತ್ಕೊಂಡಿದ್ರೆ?" ಕಿತ್ತುಕೊಂಡಿದ್ದರೂ ಹತ್ತುತ್ತಿರಲಿಲ್ಲ ಎಂದೆ. ಆಮೇಲೆ, "ಇನ್ನೊಂದ್ ಸಲ ಯೋಳು, ಹೆಂಗಂದೆ?" ಎಂದಳು. ಅವಳಿದ್ದ ಗುಂಪಿನ ಹೆಂಗಸರು ಕೇಳಿದ್ದ ಕೈಗವಸು ಇನ್ನೂ ಬಂದಿರಲಿಲ್ಲ.

ಈ ವರ್ಷ ರಜೆಗೆ ಊರಿಗೆ ಹೋದೆ. ಚಿಕ್ಕಮ್ಮ ಕಾಫಿ ತಂದಾಗ, ಬೇಡ, ನೀರು ಸಾಕು ಎಂದೆ. ಅವಳ ಮುಖ ಬಾಡಿತು. ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಈಸಿಕೊಳ್ಳಬೇಕಿತ್ತು ಎಂದು ಅಮ್ಮ ಒಳಗೆ ಕರೆದು ಬೈದಳು. ಹಾಗೆ ಕುಣಿಯಲು ನನಗಿನ್ನು ಆಗದು ಎಂದೆ. ಆಮೇಲೆ ಹಿತ್ತಿಲಿಗೆ ಹೋಗಿ ಸ್ವಲ್ಪ ಅತ್ತೆ.

ಜರ್ಮನಿಗೆ ಹಿಂತಿರುಗುವ ದಿನ ಪಾವಗಡದಲ್ಲಿ ಬಸ್ಸು ಹತ್ತಿದೆ. ಮಧುಗಿರಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕ ಕೂತು ಯಾವೂರು ಎಂದು ಕೇಳಿದಳು. ರಾಯಚರ್ಲು ಎಂದೆ.

"ಇತ್ತಾಗೆಲ್ಲಿಗೆ ಹೊಂಟೆ ಕಣಮ್ಮ?"

"ಮನೆಗೆ" ಎಂದುಬಿಟ್ಟೆ. ಬಸ್ಸು ಕೊರಟಗೆರೆ ದಾಟಿದರೂ ಅದನ್ನು ತಿದ್ದಿ ಹೇಳಲಿಲ್ಲ.